ಥಿಂಕ್‌ಪ್ಯಾಡ್ ಎಕ್ಸ್‌220ರ ಒಳಗೆ ಎಕ್ಸ್‌230 ಬೋರ್ಡ್ ಕೂರುತ್ತಾ?

ಏಳುಸಾಲು:
ಎಲ್ಲರಿಗೂ ನಮಸ್ಕಾರ. ನನ್ನದು 2011ರ ಎಕ್ಸ್‌220. ಹೋದ ತಿಂಗಳು ಲ್ಯಾಪ್‌ಟಾಪಿನ ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಕೈಕೊಟ್ಟಿತು. ಪವರ್ ಲೈಟ್ ಬರುತ್ತದೆ, ಫ್ಯಾನ್ ಸ್ವಲ್ಪ ತಿರುಗಿ ನಿಲ್ಲುತ್ತದೆ, ಸ್ಕ್ರೀನ್ ಕಪ್ಪಾಗೇ ಇರುತ್ತದೆ. ರ‍್ಯಾಮ್ ಬದಲಿಸಿ ನೋಡಿದೆ, ಒಂದೊಂದೇ ಸ್ಲಾಟಿಗೆ ಹಾಕಿ ನೋಡಿದೆ, ಏನೂ ಆಗಲಿಲ್ಲ. ರಿಪೇರಿಯವರು ಬೋರ್ಡೇ ಬದಲಿಸಬೇಕು ಅಂದರು.

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಸುತ್ತಾಡಿದೆ. 220ರ ಬೋರ್ಡ್ ಎಲ್ಲೂ ಇಲ್ಲ, 230ರದ್ದು ಇದೆ ಅಂದರು. ಅದು ಒಂದು ವರ್ಷ ಹೊಸದು, ಥರ್ಡ್ ಜೆನ್ ಐ5 ಪ್ರೊಸೆಸರ್, ಯುಎಸ್‌ಬಿ 3.0 ಬೇರೆ ಇದೆ. ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೇ ಇವೆ. ಯಾರಾದರೂ ಹಾಕಿ ನೋಡಿದ್ದೀರಾ?

ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ದಿನಕ್ಕೆ ಏಳೆಂಟು ಗಂಟೆ ಕನ್ನಡ ಟೈಪ್ ಮಾಡುವ ಕೆಲಸ ನನ್ನದು. ಈ ಏಳು ಸಾಲಿನ ಕೀಬೋರ್ಡಿಗೆ ಕೈ ಒಗ್ಗಿಹೋಗಿದೆ. ಇದರ ಡಿಲೀಟ್ ಕೀ ಎರಡು ಕೀಯಷ್ಟು ಎತ್ತರ, ಕಣ್ಣು ಸ್ಕ್ರೀನ್ ಮೇಲಿದ್ದರೂ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಅದನ್ನು ಬಿಡೋಕೆ ನನಗೆ ಮನಸ್ಸಿಲ್ಲ.

ಅರ_ಮತ್ತು_ಸ್ಕ್ರೂ:
ಕೂರುತ್ತದೆ ಸರ್, ಆದರೆ ಅರ ಹಿಡಿದು ಉಜ್ಜಬೇಕು. ಹೊರಗಿನ ಸ್ಕ್ರೀನಿಗೆ ಕೇಬಲ್ ಹಾಕುವ ಕಿಂಡಿ 220ರಲ್ಲಿ ದೊಡ್ಡ ಡಿಸ್‌ಪ್ಲೇಪೋರ್ಟ್, 230ರಲ್ಲಿ ಮಿನಿ. ಹಾಗಾಗಿ ಆ ಕಡೆಯ ಕಿಂಡಿ ತಾಳೆಯಾಗುವುದಿಲ್ಲ. ಬೋರ್ಡ್ ತಗೊಂಡರೆ ಅದರದ್ದೇ ಹೀಟ್‌ಸಿಂಕ್, ಫ್ಯಾನ್ ಜೊತೆಗೇ ಕೇಳಿ ತಗೊಳ್ಳಿ. ಎರಡರಲ್ಲೂ ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಆಮೇಲೆ ಬದಲಿಸೋಕಾಗಲ್ಲ. ಐ5 ಬೇಕಾ, ಐ7 ಬೇಕಾ ಅಂತ ಅಂಗಡಿಯಲ್ಲೇ ತೀರ್ಮಾನ ಮಾಡಿ.

ಬಸವನಗುಡಿ_ಲಿನಕ್ಸ್:
ಮೇಲಿನವರು ಹೇಳಿದ್ದು ಸರಿ. ಆದರೆ ನಿಜವಾದ ತೊಡಕು ಕಿಂಡಿಯಲ್ಲಿಲ್ಲ, ಇಸಿಯಲ್ಲಿದೆ. ಇಸಿ ಅಂದರೆ ಎಂಬೆಡೆಡ್ ಕಂಟ್ರೋಲರ್, ಬೋರ್ಡ್ ಮೇಲೆ ಕೂತು ಕೀಬೋರ್ಡ್, ಬ್ಯಾಟರಿ, ಫ್ಯಾನ್ ನೋಡಿಕೊಳ್ಳುವ ಚಿಕ್ಕ ಚಿಪ್. 230ರ ಇಸಿಗೆ ಗೊತ್ತಿರುವುದು ಆರು ಸಾಲಿನ ಹೊಸ ಕೀಬೋರ್ಡ್. ನಿಮ್ಮ ಏಳು ಸಾಲಿನದನ್ನು ಹಾಕಿದರೆ ಅಕ್ಷರಗಳೆಲ್ಲ ಬರುತ್ತವೆ, ಮೇಲಿನ ಸಾಲಿನ ಕೆಲವು ಕೀಗಳು ಮಾತ್ರ ತಪ್ಪು ಕೆಲಸ ಮಾಡುತ್ತವೆ. ನೀವು ಇಷ್ಟಪಡುವ ಆ ಡಿಲೀಟ್ ಕೀ ಇರುವ ಜಾಗವೇ ಅದು. ಇನ್ನೊಂದು, ನಿಮ್ಮ ಹಳೇ ಬ್ಯಾಟರಿಯನ್ನೂ ಅದು ಒಪ್ಪುವುದಿಲ್ಲ, ಚಾರ್ಜ್ ಮಾಡುವುದಿಲ್ಲ.

ಎರಡಕ್ಕೂ ಮದ್ದು ಒಂದೇ. ಇಸಿಗೆ ಪ್ಯಾಚ್ ಹಾಕಬೇಕು, ಅಂದರೆ ಅದರೊಳಗಿನ ಸಾಫ್ಟ್‌ವೇರನ್ನು ತಿದ್ದಬೇಕು. ಅದಕ್ಕೆ ಓಪನ್ ಸೋರ್ಸ್ ಸಾಧನ ಇದೆ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಾಕಬಹುದು. ಆದರೆ ಬೋರ್ಡಿನಲ್ಲಿ ತೀರಾ ಹೊಸ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಇದ್ದರೆ ಅದು ಪ್ಯಾಚ್ ಮಾಡಿದ ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ತಗೊಳ್ಳುವ ಮೊದಲು ಬಯೋಸ್ ಆವೃತ್ತಿ ನೋಡಿ, ತಗೊಂಡ ಮೇಲೆ ಸುಮ್ನೆ ಅಪ್‌ಡೇಟ್ ಮಾಡಲು ಹೋಗಬೇಡಿ. ಫ್ಲ್ಯಾಶ್ ಮಾಡುವಾಗ, ಅಂದರೆ ಆ ಫೈಲನ್ನು ಚಿಪ್ಪಿಗೆ ಬರೆಯುವಾಗ, ಚಾರ್ಜರ್ ಜೊತೆಗೆ ತುಂಬಿದ ಬ್ಯಾಟರಿಯೂ ಇರಬೇಕು. ಸ್ನೇಹಿತರ ಹತ್ತಿರ 230ರ ಬ್ಯಾಟರಿ ಇದ್ದರೆ ಒಂದು ದಿನಕ್ಕೆ ಕೇಳಿ ತಂದುಕೊಳ್ಳಿ.

ಈಗ ಯೋಚನೆ ಮಾಡಿ. ನಿಮಗೆ ಬೇಕಾಗಿರುವುದು ಹಳೇ ಬಾಡಿಯೋ, ಹಳೇ ಕೀಬೋರ್ಡೋ? ಕೀಬೋರ್ಡ್ ಅಲ್ವಾ? ಹಾಗಾದರೆ ಬೋರ್ಡನ್ನು ಹಳೇ ಬಾಡಿಯೊಳಗೆ ತುರುಕುವ ಬದಲು ಸ್ಕ್ರೀನ್ ಒಡೆದ 230 ಒಂದನ್ನು ಪೂರ್ತಿ ತಗೊಳ್ಳಿ. ನಿಮ್ಮ ಕೀಬೋರ್ಡನ್ನೂ ಸ್ಕ್ರೀನನ್ನೂ ಅದಕ್ಕೆ ಹಾಕಿ. ಇಸಿ ಕೆಲಸ ಎರಡು ದಾರಿಯಲ್ಲೂ ತಪ್ಪಿದ್ದಲ್ಲ, ಬಾಡಿ ಕೊರೆಯುವ ಕೆಲಸವಾದರೂ ತಪ್ಪುತ್ತದೆ. ಕೀಬೋರ್ಡ್ ಫ್ರೇಮಿನ ಅಂಚಿನಲ್ಲಿರುವ ಸಣ್ಣ ಹಲ್ಲುಗಳನ್ನು ಉಜ್ಜಿದರೆ ಸಾಕು.

ಒಂದು ಎಚ್ಚರಿಕೆ. 230ರಲ್ಲಿ ಕೀಬೋರ್ಡ್ ಬ್ಯಾಕ್‌ಲೈಟಿಗೆ ಕರೆಂಟ್ ಕೊಡುವ ಪಿನ್‌ಗಳು ಹಳೇ ಕೀಬೋರ್ಡಿನಲ್ಲಿ ಗ್ರೌಂಡಿಗೆ ಸೇರಿವೆ. ಹಾಗೇ ಹಾಕಿ ಎಫ್‌ಎನ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬ್ಯಾಕ್‌ಲೈಟ್ ಆನ್ ಮಾಡಿದರೆ ಶಾರ್ಟ್ ಆಗಬಹುದು. ಆ ಪಿನ್‌ಗಳ ಮೇಲೆ ಕ್ಯಾಪ್ಟಾನ್ ಟೇಪಿನ (ಕರೆಂಟ್ ಹಾಯದ, ಬಿಸಿ ತಡೆಯುವ ಟೇಪ್) ಸಣ್ಣ ಚೂರು ಅಂಟಿಸಿ. ಇದನ್ನು ಮಾತ್ರ ಮರೆಯಬೇಡಿ.

ಸೆಕೆಂಡ್‌ಹ್ಯಾಂಡ್:
ನಾನೊಂದು ಸೇರಿಸುತ್ತೇನೆ. ಈ ಮೆಷಿನ್‌ಗಳು ಜಾಸ್ತಿ ಬರುವುದು ಕಂಪನಿಗಳ ಹಳೇ ಲಾಟಿನಿಂದ. ಕೆಲವಕ್ಕೆ ಬಯೋಸ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇರುತ್ತದೆ. ಆನ್ ಆಗುತ್ತದೆ, ವಿಂಡೋಸೂ ಬರುತ್ತದೆ, ಬಯೋಸ್ ಸೆಟ್ಟಿಂಗ್ ಬದಲಿಸೋಕೆ ಬಿಡಲ್ಲ ಅಂತ ಮನೆಗೆ ತಂದ ಮೇಲೆ ಗೊತ್ತಾಗುತ್ತದೆ. ಬೋರ್ಡಿನ ಸಣ್ಣ ಸೆಲ್ ತೆಗೆದು ಹಾಕಿದರೆ ಈ ಪಾಸ್‌ವರ್ಡ್ ಹೋಗಲ್ಲ. ನನಗೆ ಒಮ್ಮೆ ಹೀಗೇ ಆಗಿ ದುಡ್ಡು ಹೋಯಿತು, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅಂಗಡಿಯಲ್ಲೇ ಆನ್ ಮಾಡಿಸಿ, ಎಫ್1 ಒತ್ತಿ ಒಳಗೆ ಹೋಗಿ, ಏನಾದರೊಂದು ಸೆಟ್ಟಿಂಗ್ ಬದಲಿಸಿ ಸೇವ್ ಆಗುತ್ತಾ ನೋಡಿ. ಬರೀ ಬೋರ್ಡ್ ತಗೊಂಡರೆ ಇಷ್ಟೆಲ್ಲ ನೋಡೋಕೆ ಎಲ್ಲಿ ಆಗುತ್ತೆ? ಅದಕ್ಕೇ ನನ್ನ ಓಟೂ ಇಡೀ ಮೆಷಿನ್‌ಗೆ.

ಏಳುಸಾಲು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಕ್ರೀನ್ ಸೀಳಿದ 230 ಸಿಕ್ಕಿತು. ಬಯೋಸ್ ಪಾಸ್‌ವರ್ಡ್ ಇಲ್ಲ, ಅಲ್ಲೇ ನೋಡಿಕೊಂಡೆ. ಸ್ಕ್ರೀನ್ ಬದಲಿಸಿದ್ದು ಅರ್ಧ ಗಂಟೆ. ಕೀಬೋರ್ಡಿನ ಹಲ್ಲು ಉಜ್ಜುವಾಗ ಲೋಹದ ಪುಡಿ ಕೀಗಳ ಕೆಳಗೆ ಹೋಗದ ಹಾಗೆ ಸುತ್ತಲೂ ಟೇಪ್ ಸುತ್ತಿಕೊಂಡೆ, ಮುಂದೆ ಮಾಡುವವರೂ ಹಾಗೇ ಮಾಡಿ. ಪಿನ್‌ಗಳಿಗೂ ಟೇಪ್ ಹಾಕಿದೆ. ಪ್ಯಾಚ್ ಮೊದಲ ಸಲಕ್ಕೇ ಹತ್ತಿತು, ಹಳೇ ಬ್ಯಾಟರಿಯೂ ಚಾರ್ಜ್ ಆಗುತ್ತಿದೆ. ಈ ಉತ್ತರವನ್ನು ಅದರಲ್ಲೇ ಟೈಪ್ ಮಾಡುತ್ತಿದ್ದೇನೆ.

ಕೀಬೋರ್ಡಿಗೂ ಕೈ ಇಡುವ ಜಾಗಕ್ಕೂ ನಡುವೆ ಒಂದು ಸಣ್ಣ ಸಂದು ಉಳಿದಿದೆ. ಅದಕ್ಕೇನಾದರೂ ಮಾಡಬೇಕಾ?

ಅರ_ಮತ್ತು_ಸ್ಕ್ರೂ:
ಬೇಡ ಸರ್, ಹಾಗೇ ಇರಲಿ. ಅಂಟು ಗಿಂಟು ಹಾಕಬೇಡಿ, ಮುಂದೆ ಬಿಚ್ಚೋಕೆ ಕಷ್ಟ.