ಮೈಕಾಗೆ ಚಕ್ಕೆ ಏಳದ ಹಾಗೆ ತೂತು ಹಾಕೋದು ಹೇಗೆ?

ಪ್ರಶ್ನೆ (ಚಿಕ್ಕಮಗಳೂರು):
18 ಎಂಎಂ ಪ್ಲೈವುಡ್, ಎರಡೂ ಕಡೆ 1 ಎಂಎಂ ಮೈಕಾ (ಲ್ಯಾಮಿನೇಟ್ ಹಾಳೆ) ಅಂಟಿಸಿದೆ. ವೈರ್ ಇಳಿಸೋಕೆ 60 ಎಂಎಂ ತೂತು ಬೇಕು. ಹೋಲ್ ಸಾ (ಡ್ರಿಲ್‌ಗೆ ಹಾಕುವ ದುಂಡು ಗರಗಸ) ಹಾಕಿದ್ರೆ ಮೇಲುಗಡೆ ನೀಟಾಗಿ ಬರುತ್ತೆ, ಅಡಿಯಲ್ಲಿ ಚಕ್ಕೆ ಏಳುತ್ತೆ. ಅಂಟಿಸದ ಬಿಡಿ ಹಾಳೆಗೆ 8 ಎಂಎಂ ತೂತು ಹಾಕಿದ್ರಂತೂ ಸೀಳೇ ಬಿಡುತ್ತೆ. ಸಿಂಕ್‌ಗೂ ಕಟ್ ಮಾಡೋದಿದೆ.

ಉತ್ತರ (ಹಾಸನ):
ಹಲ್ಲು ಆಚೆ ಬರುವ ಜಾಗದಲ್ಲಿ ಮೈಕಾಗೆ ಆಸರೆ ಇರಲ್ಲ, ಅದಕ್ಕೇ ಚಕ್ಕೆ. ಒಂದೇ ಕಡೆಯಿಂದ ಪೂರ್ತಿ ಕೊರೀಬೇಡಿ. ಹೋಲ್ ಸಾದ ಪೈಲಟ್ ಬಿಟ್ (ನಡುವಿನ ಸಣ್ಣ ಬಿಟ್) ಎಷ್ಟು ದಪ್ಪವೋ ಅಷ್ಟೇ ದಪ್ಪದ ತೂತನ್ನು ಮೊದಲು ಆರಪಾರ ಹಾಕಿ. ಅಡಿಯಿಂದ ಅರ್ಧ ಕೊರೆದು, ತಿರುವಿ, ಮೇಲಿಂದ ಮುಗಿಸಿ. ಮೊದಲ ಗೀರು ಬೀಳೋವರೆಗೆ ಡ್ರಿಲ್ಲನ್ನು ರಿವರ್ಸ್‌ನಲ್ಲಿ ಓಡಿಸಿದ್ರೆ ಅಂಚು ಇನ್ನೂ ನಯ. ಸ್ಪೀಡ್ ಕಡಿಮೆ ಇರಲಿ. ಆಗಾಗ ಎತ್ತಿ ಹುಡಿ ತೆಗೀರಿ. ಹುಡಿ ತುಂಬಿಕೊಂಡ್ರೆ ಹಲ್ಲು ಕಾದು ಅಂಚು ಕಪ್ಪಾಗುತ್ತೆ, ಆ ಕಲೆ ಹೋಗಲ್ಲ.

ಉತ್ತರ (ಸಕಲೇಶಪುರ):
ಬಿಡಿ ಹಾಳೆಯನ್ನು ಎರಡು ವೇಸ್ಟ್ ಪ್ಲೈ ತುಂಡಿನ ಮಧ್ಯೆ ಇಟ್ಟು ಕ್ಲಾಂಪ್ ಬಿಗಿದು ಕೊರೀರಿ. ಡಿಸೈನ್ ಮೇಲಿರಲಿ. ಮೇಲಿನ ತುಂಡು ಇಡೋಕೆ ಜಾಗ ಇಲ್ಲದಿದ್ರೆ ಮಾಸ್ಕಿಂಗ್ ಟೇಪ್ ಹಚ್ಚಿ ಅದರ ಮೇಲೆ ಮಾರ್ಕ್ ಮಾಡಿ. ಸೆಂಟರ್ ಪಂಚ್‌ಗೆ (ಗುಳಿ ಗುರುತು ಹಾಕುವ ಚೂಪು ಕಡ್ಡಿ) ಸುತ್ತಿಗೆ ಏಟು ಕೊಡಲೇಬೇಡಿ, ಹೊಡೆದ ಜಾಗದಿಂದ ನಕ್ಷತ್ರದ ಹಾಗೆ ಬಿರುಕು ಬಿಡುತ್ತೆ. ಮೊನೆಯನ್ನು ಕೈಯಲ್ಲೇ ತಿರುವಿ ಸಣ್ಣ ಗುಳಿ ಮಾಡಿದ್ರೆ ಸಾಕು. ಮಧ್ಯೆ ಚೂಪು ಮೊನೆ ಇರುವ ಮರದ ಬಿಟ್ ಒಳ್ಳೇದು. ಆಚೆ ಬರುವ ಹೊತ್ತಿಗೆ ಕೈಭಾರ ಬಿಡಿ. ಇನ್ನು 4 ಎಂಎಂ ಸ್ಕ್ರೂಗೆ 5 ಎಂಎಂ ತೂತು ಬೇಕು. ನಮ್ಮ ಮಳೆಗಾಲಕ್ಕೆ ಹಾಳೆ ಹಿಗ್ಗುತ್ತೆ, ಬೇಸಿಗೆಗೆ ಕುಗ್ಗುತ್ತೆ. ತೂತು ಬಿಗಿ ಇದ್ರೆ ಸ್ಕ್ರೂ ಬುಡದಿಂದಲೇ ಸೀಳು ಶುರು.

ಉತ್ತರ (ಹಾಸನ):
ಸಿಂಕ್ ಕಟೌಟ್‌ಗೆ ಚೌಕ ಮೂಲೆ ಬೇಡವೇ ಬೇಡ, ಬಿರುಕು ಹುಟ್ಟೋದೇ ಅಲ್ಲಿ. ನಾಲ್ಕೂ ಮೂಲೆಗೆ ಗೆರೆಯ ಒಳಗಡೆ 12 ಎಂಎಂ ತೂತು ಹಾಕಿ, ಆಮೇಲೆ ಜಿಗ್ ಸಾ (ಬ್ಲೇಡ್ ಮೇಲೆ ಕೆಳಗೆ ಆಡುವ ಕರೆಂಟ್ ಗರಗಸ) ಓಡಿಸಿ. ಸಾಮಾನ್ಯ ಬ್ಲೇಡ್ ಕತ್ತರಿಸೋದು ಮೇಲಕ್ಕೆ ಬರುವಾಗ, ಹಾಗಾಗಿ ಅಡಿಭಾಗದಲ್ಲಿ ಮಾರ್ಕ್ ಮಾಡಿ ಅಲ್ಲಿಂದಲೇ ಕೊಯ್ಯಿರಿ. ಮೇಲಿಂದಲೇ ಕೊಯ್ಯಬೇಕಾದ್ರೆ ಹಲ್ಲು ಕೆಳಮುಖ ಇರುವ ಬ್ಲೇಡ್ ತನ್ನಿ. ಪೆಂಡುಲಮ್ (ಬ್ಲೇಡನ್ನು ಹಿಂದೆ ಮುಂದೆಯೂ ಆಡಿಸುವ ಸೆಟ್ಟಿಂಗ್) ಸೊನ್ನೆಗಿಡಿ. ಅಂಚಿಗೆ ಅರ ಹಾಕುವಾಗ ಮೈಕಾ ಕಡೆಯಿಂದ ಕೆಳಕ್ಕಷ್ಟೇ ತಳ್ಳಿ, ಮೇಲಕ್ಕೆ ಎಳೆದ್ರೆ ಚಕ್ಕೆ. ಸಂದಿಗೆ ಸಿಲಿಕೋನ್ ಅಂಟು ಹಾಕೋಕೂ ಮೊದಲು ಕೊಯ್ದ ಪ್ಲೈ ಅಂಚಿಗೆ ಎರಡು ಕೋಟ್ ಪೇಂಟ್ ಕುಡಿಸಿ, ಇಲ್ಲಾಂದ್ರೆ ನೀರು ಕುಡಿದು ಊದಿಕೊಳ್ಳುತ್ತೆ.

ಪ್ರಶ್ನೆ ಕೇಳಿದವರು:
ಎರಡೂ ಕಡೆಯಿಂದ ಕೊರೆದ್ರೆ ಮಧ್ಯದಲ್ಲಿ ಮೆಟ್ಟಿಲು ಬರಲ್ವಾ?

ಉತ್ತರ (ಹಾಸನ):
ಪೈಲಟ್ ತೂತು ವಾಲಿದ್ರೆ ಮಾತ್ರ ಬರುತ್ತೆ. ಬಿಟ್ ಪಕ್ಕ ಸಣ್ಣ ಮೂಲೆಮಟ್ಟ (ಎಲ್ ಆಕಾರದ ಪಟ್ಟಿ) ನಿಲ್ಲಿಸಿ ಎರಡು ದಿಕ್ಕಿನಿಂದ ನೋಡಿ ಕೊರೀರಿ. ಕೂದಲೆಳೆ ಮೆಟ್ಟಿಲು ಉಳಿದ್ರೂ ವೈರ್ ಮುಚ್ಚಳದ ಒಳಗೆ ಕಾಣಲ್ಲ.