ದಸರಾ ರಜೆಯ ಒಂದು ವಾರ: ಚಿತ್ರಕಥೆಯಿಂದ ಚೌಕಾಬಾರದವರೆಗೆ

ಪ್ರಶ್ನೆ: ದಸರಾ ರಜೆಯ ಒಂದು ವಾರವನ್ನು 10 ವರ್ಷದ ಮಗಳೊಂದಿಗೆ ಕಾಮಿಕ್ಸ್ ಓದುವುದಕ್ಕೂ ಮನೆಯೊಳಗಿನ ಆಟಗಳಿಗೂ ಮೀಸಲಿಡಬೇಕೆಂದಿದ್ದೇನೆ. ಯಾವುದರಿಂದ ಆರಂಭಿಸಲಿ, ದಯವಿಟ್ಟು ತಿಳಿಸಿ.

ಉತ್ತರ 1: ಅಮರ ಚಿತ್ರಕಥೆಯಿಂದ ಆರಂಭಿಸಿ. ಆ ಮಾಲಿಕೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು ಎಂಬುದನ್ನೂ ಮಗುವಿಗೆ ಹೇಳಿ.

ಉತ್ತರ 2: ಸಂಜೆಗೆ ಚೌಕಾಬಾರ ಇರಲಿ. ನೆಲದ ಮೇಲೆ ಸೀಮೆಸುಣ್ಣದಿಂದ ಐದಕ್ಕೈದು ಮನೆ ಬರೆದು, ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು ಎಂದು ಎಣಿಸುತ್ತಾ ಆಡತೊಡಗಿದರೆ, ಮೊದಲ ಕಾಯಿ ಹಣ್ಣಾಗುವಷ್ಟರಲ್ಲಿ ಅಜ್ಜಿಯೂ ಪಕ್ಕದಲ್ಲಿ ಬಂದು ಕೂರುತ್ತಾರೆ.

ಉತ್ತರ 3: ಕೊನೆಗೆ, 1995ರಲ್ಲಿ ಜರ್ಮನಿಯಲ್ಲಿ ಬಂದ ಕಟಾನ್ ಎಂಬ ಬೋರ್ಡ್ ಆಟ ಆಡಿ. ಇಟ್ಟಿಗೆ ಕೊಟ್ಟು ಉಣ್ಣೆ ಪಡೆಯುವ ಚೌಕಾಸಿಯೇ ಅದರ ಜೀವಾಳ, ಮೂವರಾದರೂ ಬೇಕು.