‘ಪೊವ್ಯಾತ್’ ಎಂಬುದಕ್ಕೆ ಕನ್ನಡದಲ್ಲಿ ಏನು? (ತುರ್ತು)

ಮಾನ್ಯರೇ,
ಪೋಲೆಂಡಿನ ವೋವಿಚ್ ಕಡೆಯ ಕಾಗದದ ಚಿತ್ತಾರಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅಲ್ಲಿಯ ‘ಪೊವ್ಯಾತ್’ ಎಂಬ ಆಡಳಿತ ಘಟಕವನ್ನು ಜಿಲ್ಲೆ ಎನ್ನಲೇ, ತಾಲ್ಲೂಕು ಎನ್ನಲೇ? ಅದರ ಮೇಲೆ ಪ್ರಾಂತ, ಕೆಳಗೆ ‘ಗ್ಮೀನಾ’. ಮುಖ್ಯಸ್ಥ ‘ಸ್ತಾರೊಸ್ತಾ’.

ಉತ್ತರ:
ತಾಲ್ಲೂಕು. ಪ್ರಾಂತಗಳು 16, ಪೊವ್ಯಾತ್‌ಗಳು ಮುನ್ನೂರಕ್ಕೂ ಮೇಲೆ. ಅಳತೆಗೆ ಅದೇ ಸರಿ. ಆದರೆ ಸ್ತಾರೊಸ್ತಾನನ್ನು ತಹಶೀಲ್ದಾರ ಮಾಡಬೇಡಿ. ಅವನನ್ನು ಸರ್ಕಾರ ನೇಮಿಸುವುದಿಲ್ಲ, ಪೊವ್ಯಾತ್ ಸಭೆ ಆರಿಸುತ್ತದೆ. ‘ಅಧ್ಯಕ್ಷ’ ಸಾಕು.

ಉತ್ತರ:
ತಾಲ್ಲೂಕು ಅರಬ್ಬಿ. ಜಿಲ್ಲೆಯೂ ಅರಬ್ಬಿಯೇ, ಮೂಲಾರ್ಥ ಪಕ್ಕೆಲುಬು! ಶಾಸನಗಳಲ್ಲಿ ‘ನಾಡು’ ಇರುವಾಗ ಈ ಎರವಲೇಕೆ? ‘ಪೊವ್ಯಾತ್’ನ ಬೇರು ಸ್ಲಾವಿಕ್ಕಿನ ‘ವ್ಯೆತ್’, ಅಂದರೆ ಕೂಡಿ ಮಾತಾಡುವುದು. ರಷ್ಯನ್ನಿನ ‘ಸೊವ್ಯೆತ್’ ಕೂಡ ಅದರದೇ ಕುಡಿ. ‘ಸ್ತಾರಿ’ ಎಂದರೆ ಹಳೆಯ, ಹಾಗಾಗಿ ಸ್ತಾರೊಸ್ತಾ ಎಂದರೆ ಹಿರಿಯ. ನಾಡು, ಅದರ ಹಿರಿಯ ನಾಳ್ಗಾವುಂಡ: ಜೋಡಿ ತಾನಾಗಿ ಕೂಡುತ್ತದೆ.

ಉತ್ತರ:
ಕೂಡುವುದಿಲ್ಲ. ವೋವಿಚ್‌ನಲ್ಲಿ ‘ನಾಡು’ ಎನ್ನಬಹುದಾದ ಬೇರೊಂದು ವಸ್ತು ಮೊದಲೇ ಇದೆ: ಹಳೆಯ ವೋವಿಚ್ ಸಂಸ್ಥಾನ. ಶತಮಾನಗಟ್ಟಲೆ ಅದು ಗ್ನಿಯೆಜ್ನೊ ಆರ್ಚ್‌ಬಿಷಪ್ಪರ ಆಸ್ತಿ. ಮುಂದೆ ನೆಪೋಲಿಯನ್ ಅದನ್ನು ತನ್ನ ಮಾರ್ಷಲ್ ದಾವೂಗೆ ಉಂಬಳಿ ಬಿಟ್ಟ. ಆ ಸಂಸ್ಥಾನದ ಹೆಸರಿನಿಂದಲೇ ಅಲ್ಲಿಯ ರೈತರು ‘ಕ್ಶೆಂಜಾತ್ಸಿ’ ಎನಿಸಿಕೊಂಡರು. ಪಟ್ಟೆಪಟ್ಟೆ ಉಣ್ಣೆಯ ಲಂಗ, ಈ ಚಿತ್ತಾರ, ಎಲ್ಲ ಅವರದು. ಪೊವ್ಯಾತ್ ಅನ್ನಾದರೋ 1975ರಲ್ಲಿ ರದ್ದು ಮಾಡಿ 1999ರಲ್ಲಿ ಮತ್ತೆ ತಂದರು. ನಡುವೆ ಇಪ್ಪತ್ತಮೂರು ವರ್ಷ ಘಟಕ ಇರಲಿಲ್ಲ, ಲಂಗ ಇತ್ತು. ಎರಡಕ್ಕೂ ನಾಡು ಎಂದರೆ ಫಲಕ ಓದಿದವರು ಏನು ತಿಳಿಯಬೇಕು?

ಉತ್ತರ:
ಪಾರಸಿ ದಫ್ತರದಲ್ಲಿ ಬೆಳೆದವರಿಗೆ ಕನ್ನಡ ಗೊಂದಲವೇ.

ಉತ್ತರ:
‘ಉಂಬಳಿ’ ಯಾವ ದಫ್ತರದ್ದು ಸ್ವಾಮಿ? ಬೇಕಾದಲ್ಲಿ ಅದನ್ನೂ ಬಳಸಿದ್ದೇನೆ. ರೈತ ಪಹಣಿಗೆ ಹೋಗುವುದು ತಾಲ್ಲೂಕು ಕಚೇರಿಗೆ. ಶಾಸನ ಹಿಡಿದು ಹೋದರೆ ಕೆಲಸವಾಗುತ್ತದೆಯೇ?

ಪ್ರಶ್ನೆ ಕೇಳಿದವನಿಂದ:
ಎಲ್ಲರಿಗೂ ವಂದನೆ. ಘಟಕಕ್ಕೆ ‘ವೋವಿಚ್ ತಾಲ್ಲೂಕು’, ಜನರ ವಿಷಯ ಬಂದಲ್ಲಿ ‘ವೋವಿಚ್ ನಾಡಿನವರು’ ಎಂದು ಹಾಕಿದ್ದೇನೆ. ಹುಂಜದ ಚಿತ್ರದ ಕೆಳಗೆ ‘ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದಲೇ ಕೊರೆದು, ಬಣ್ಣದ ಮೇಲೆ ಬಣ್ಣ ಅಂಟಿಸಿದ್ದು’ ಎಂದಿದೆ. ಕತ್ತರಿ ಸಂಸ್ಕೃತದ ತದ್ಭವ ಎಂದು ಯಾರೂ ಬರೆಯಬೇಡಿ, ಅಚ್ಚಿಗೆ ಹೋಗಿಯಾಯಿತು.